ಜೂನ್‌ಗೆ ಮುಂಚೆ: ಮನೆಯಲ್ಲೇ ಕಲಿಯುವ ಮಗುವಿನ ಮಟ್ಟ ತಿಳಿಯಲು ಯಾವ ಪರೀಕ್ಷೆ?

ಮೇ ತಿಂಗಳ ಮದುವೆಮನೆಗಳಲ್ಲಿ ನನ್ನ ಮಕ್ಕಳಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ಈ ಸಲ ಎಷ್ಟನೇ ಕ್ಲಾಸು ಪುಟ್ಟಾ?" ಮಗಳು ನನ್ನ ಮುಖ ನೋಡುತ್ತಾಳೆ. ಅವಳಿಗೆ 9 ವರ್ಷ, ಅಣ್ಣನಿಗೆ 12. ಇಬ್ಬರೂ ಐದು ವರ್ಷದಿಂದ ಮನೆಯಲ್ಲೇ ಕಲಿಯುತ್ತಿದ್ದಾರೆ. ಮಗಳು ಕಥೆ ಓದುವುದರಲ್ಲಿ ಐದನೆಯ ಕ್ಲಾಸಿನವರ ಸಮಕ್ಕೆ ನಿಲ್ಲುತ್ತಾಳೆ, ಬರವಣಿಗೆಯಲ್ಲಿ ಮೂರರಲ್ಲಿದ್ದಾಳೆ, ಲೆಕ್ಕದಲ್ಲಿ ನಾಲ್ಕು. ಒಂದೇ ಸಂಖ್ಯೆ ಹೇಳಿದರೆ ಯಾವುದೋ ಒಂದು ವಿಷಯದಲ್ಲಿ ಸುಳ್ಳು ಹೇಳಿದಂತಾಗುತ್ತದೆ.

ಶಾಲೆಗೆ ಹೋಗುವ ಮಕ್ಕಳ ಕಥೆಯೂ ಹೀಗೇ. ಆದರೆ ಅಲ್ಲಿ ತರಗತಿಯ ಬೋರ್ಡು ಇದನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಪಾಠ ಹೇಳುವವರಿಗೆ ಆ ಹೊದಿಕೆ ಇಲ್ಲ. ಹೊಸ ವರ್ಷದ ಪಾಠ ಎಲ್ಲಿಂದ ಶುರು ಮಾಡಬೇಕು ಎಂದು ನಾವೇ ಕೂತು ಕಂಡುಕೊಳ್ಳಬೇಕು. ಅದಕ್ಕೆ ಈಗ ದಾರಿಗಳು ಹಲವು: ಪುಕ್ಕಟೆ ಸಿಗುವ ಹಾಳೆಗಳು, ದುಡ್ಡು ಕಟ್ಟಿ ಬರೆಸುವ ಪರೀಕ್ಷೆಗಳು, ಮುಕ್ತ ಶಾಲೆಯ ಹಂತಗಳು, ಪರಿಚಯದ ಮೇಷ್ಟ್ರು. ಇವುಗಳಲ್ಲಿ ಹೆಚ್ಚಿನವನ್ನು ನಾನು ಒಂದಲ್ಲ ಒಂದು ಮೇ ತಿಂಗಳಲ್ಲಿ ನನ್ನ ಮಕ್ಕಳಿಗೆ ಮಾಡಿಸಿ ನೋಡಿದ್ದೇನೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಫಲಿತಾಂಶ ಕೈಗೆ ಬಂದ ಮೇಲೆ ಏನು ಮಾಡುತ್ತೀರಿ? ಇನ್ನೊಂದು ವರ್ಷ ಮನೆಯಲ್ಲೇ ಕಲಿಸುವವರಿಗೆ ಬೇಕಾದದ್ದು ಎಲ್ಲಿ ಎಳೆ ಕಡಿದಿದೆ ಎಂಬ ವಿವರ. ಶಾಲೆಗೆ ಸೇರಿಸಲು ಹೊರಟವರಿಗೆ ಬೇಕಾದದ್ದು ಆ ತರಗತಿಯ ಮಕ್ಕಳ ಜೊತೆ ಕೂತರೆ ಮಗು ತಡಬಡಿಸದೆ ನಡೆಯುತ್ತದೆಯೇ ಎಂಬ ಅಂದಾಜು. ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸುವವರಿಗೆ ಬೇಕಾದದ್ದು ಇನ್ನೆಷ್ಟು ದೂರ ಉಳಿದಿದೆ ಎಂಬ ಲೆಕ್ಕ. ಈ ಮೂರಕ್ಕೂ ಒಂದೇ ಪರೀಕ್ಷೆ ಸಾಲದು. ಇದನ್ನು ಯೋಚಿಸದೆ ಪಕ್ಕದ ಮನೆಯವರು ಬರೆಸಿದ್ದನ್ನೇ ಬರೆಸಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಶೇಕಡಾವಾರು ಅಷ್ಟೇ.

ಹತ್ತು ನಿಮಿಷದ ಅಸರ್ ಹಾಳೆ

ಪ್ರಥಮ್ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ಅಸರ್ ಸಮೀಕ್ಷೆಯ ಹೆಸರು ಪೇಪರಿನಲ್ಲಿ ಓದಿರುತ್ತೀರಿ. ಹಳ್ಳಿಯ ಮಕ್ಕಳಲ್ಲಿ ಎಷ್ಟು ಜನ ಎರಡನೆಯ ತರಗತಿಯ ಪಾಠ ಓದಬಲ್ಲರು ಎಂಬ ಸುದ್ದಿ ಬರುವುದು ಅದರಿಂದಲೇ. ಆ ಸಮೀಕ್ಷೆಗೆ ಬಳಸುವ ಹಾಳೆ ಕನ್ನಡದಲ್ಲೂ ಇದೆ, ಉಚಿತವಾಗಿ ಸಿಗುತ್ತದೆ. ನನಗೆ ಅದರಲ್ಲಿ ಇಷ್ಟವಾದದ್ದು, ಅದು ಶಾಲೆಯ ಕೋಣೆಗೆಂದು ಮಾಡಿದ್ದಲ್ಲ. ಸ್ವಯಂಸೇವಕರು ಮನೆಗೆ ಬಂದು, ಒಂದು ಮಗುವಿನ ಜೊತೆ ಕೂತು, ಬಾಯಲ್ಲೇ ಕೇಳಿ ತಿಳಿಯುವ ಕ್ರಮ. ನಮ್ಮ ಮನೆಯ ಜಗಲಿಗೆ ಹೇಳಿ ಮಾಡಿಸಿದ ಹಾಗಿದೆ.

ಓದಿನಲ್ಲಿ ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ಚಿಕ್ಕ ಪ್ಯಾರಾ, ಎರಡನೆಯ ತರಗತಿ ಮಟ್ಟದ ಕಥೆ ಎಂದು ಮೆಟ್ಟಿಲುಗಳಿವೆ. ಪ್ಯಾರಾದಿಂದ ಶುರು ಮಾಡಿ, ಸರಾಗವಾಗಿ ಓದಿದರೆ ಕಥೆಗೆ ಹೋಗಬೇಕು, ತಡವರಿಸಿದರೆ ಪದಗಳಿಗೆ ಇಳಿಯಬೇಕು. ಲೆಕ್ಕದಲ್ಲಿ ಶುರುವಾಗುವುದು ದಶಕ ತೆಗೆದುಕೊಂಡು ಕಳೆಯುವ ಎರಡಂಕಿಯ ಲೆಕ್ಕದಿಂದ. ಎರಡೂ ಲೆಕ್ಕ ಸರಿಯಾದರೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಆಗದಿದ್ದರೆ ಸಂಖ್ಯೆ ಗುರುತಿಸುವುದಕ್ಕೆ ಇಳಿಯಬೇಕು. ಇಷ್ಟೇ.

ಏಳೆಂಟು ವರ್ಷದ ಮಗುವಿದ್ದರೆ ಬೇರೇನನ್ನೂ ಹುಡುಕಬೇಡಿ, ಇದರಿಂದ ಶುರು ಮಾಡಿ. ದೊಡ್ಡ ಮಕ್ಕಳಿಗೂ ಮೊದಲ ದಿನ ಇದನ್ನೇ ಕೊಡಿ ಎಂದು ನಾನು ಹೇಳುತ್ತೇನೆ, ತಳಪಾಯ ಅಲುಗಾಡುತ್ತಿಲ್ಲವೆಂದು ಖಾತ್ರಿಯಾಗುತ್ತದೆ. ಆದರೆ ಅದರ ಮಾಡು ತಗ್ಗು. ಭಾಗಾಕಾರ ಮಾಡಿದ ಮಗುವಿಗೆ ಅದರಲ್ಲಿ ಮುಂದೆ ಏನೂ ಇಲ್ಲ. ಕಳೆದ ವರ್ಷ ನನ್ನ ಮಗ ಆ ಹಾಳೆಯನ್ನು ಐದು ನಿಮಿಷದಲ್ಲಿ ಮುಗಿಸಿ ಎದ್ದುಹೋದ. ನನಗೂ ಸಮಾಧಾನವಾಯಿತು. ಆ ಸಮಾಧಾನ ಎರಡು ದಿನ ಉಳಿಯಿತು.

ಸೇತುಬಂಧದ ರೀತಿಯ ನೈದಾನಿಕ ಪರೀಕ್ಷೆ

ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭದ ದಿನಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿಯಬೇಕಿದ್ದದ್ದನ್ನು ಹಿಡಿದು ಮೊದಲು ನೈದಾನಿಕ ಪರೀಕ್ಷೆ, ಆಮೇಲೆ ಕೆಲವು ದಿನ ಪರಿಹಾರ ಬೋಧನೆ, ಕೊನೆಗೆ ಕಲಿಸಿದ್ದು ನಾಟಿತೇ ಎಂದು ನೋಡುವ ಸಾಫಲ್ಯ ಪರೀಕ್ಷೆ. ಶಿಕ್ಷಕರಿಗೆ ಇದು ವರ್ಷ ವರ್ಷದ ರೂಢಿ. ಮನೆಯಲ್ಲಿ ಕಲಿಸುವ ನಮಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲವೆಂಬುದು ನನ್ನ ಅನುಭವ. ನೈದಾನಿಕ ಎಂಬ ಪದದಲ್ಲೇ ವೈದ್ಯರ ವಾಸನೆ ಇದೆ: ಅಂಕ ಕೊಡುವುದಕ್ಕಲ್ಲ, ನೋವು ಎಲ್ಲಿದೆ ಎಂದು ಮುಟ್ಟಿ ನೋಡುವುದಕ್ಕೆ.

ಸಾಮಾನು ಕೈಗೆಟಕುವಷ್ಟು ಹತ್ತಿರದಲ್ಲಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಬಿಟ್ಟಿ ಸಿಗುತ್ತವೆ. ಯಾವ ತರಗತಿಗೆ ಏನು ಬರಬೇಕು ಎಂಬ ಕಲಿಕಾ ಫಲಗಳ ಪಟ್ಟಿಯನ್ನು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ 2017ರಲ್ಲಿ ಒಂದರಿಂದ ಎಂಟರವರೆಗೆ ತರಗತಿವಾರು ಹೊರತಂದಿದೆ. ಒಂದೊಂದು ಕಲಿಕಾ ಫಲಕ್ಕೆ ಎರಡು ಪ್ರಶ್ನೆಯಂತೆ, ವಿಷಯಕ್ಕೆ ಹದಿನೈದಿಪ್ಪತ್ತು ಪ್ರಶ್ನೆ ನೀವೇ ಬರೆದುಕೊಳ್ಳಿ. ಎರಡು ಯಾಕೆಂದರೆ, ಒಂದು ಸರಿಯಾಗಿ ಒಂದು ತಪ್ಪಾದಾಗಲೇ ನಮಗೆ ಹೆಚ್ಚು ತಿಳಿಯುವುದು. ಪ್ರಶ್ನೆ ಬರೆಯಲು ನನಗೆ ಎರಡು ಸಂಜೆ ಹಿಡಿಯಿತು.

ಆ ಹಾಳೆಯಲ್ಲೇ ಮಗನ ವಿಷಯ ಹೊರಬಿತ್ತು. ಲೆಕ್ಕ ಇದು: 403ರಿಂದ 158 ಕಳೆ. ಅವನು ಬರೆದ ಉತ್ತರ 155.

ಬರೀ ತಪ್ಪು ಎಂದು ಗುರುತು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಹೇಗೆ ಮಾಡಿದೆ, ಹೇಳ್ತಾ ಹೋಗು ಮಗಾ" ಎಂದೆ. ಮೂರರಲ್ಲಿ ಎಂಟು ಹೋಗಲ್ಲ, ಪಕ್ಕದಲ್ಲಿ ಸೊನ್ನೆ ಇದೆ, ಅದರ ಹತ್ತಿರ ಏನೂ ಇಲ್ಲ, ಅದಕ್ಕೆ ನಾಲ್ಕರಿಂದ ಒಂದು ತಂದೆ, ಹದಿಮೂರಲ್ಲಿ ಎಂಟು ಹೋದರೆ ಐದು. ಈಗ ಸೊನ್ನೆಯಲ್ಲಿ ಐದು ಹೋಗಲ್ಲ, ಮತ್ತೆ ನೂರರ ಮನೆಯಿಂದ ಒಂದು ತಂದೆ, ಹತ್ತರಲ್ಲಿ ಐದು ಹೋದರೆ ಐದು. ಉಳಿದ ಎರಡರಲ್ಲಿ ಒಂದು ಹೋದರೆ ಒಂದು. ಅವನ ಮಾತಿನಲ್ಲಿ ಒಂದೂ ತಡವರಿಕೆ ಇರಲಿಲ್ಲ. ಕಡ ತರುವ ಕ್ರಮ ಅವನಿಗೆ ಚೆನ್ನಾಗಿ ಗೊತ್ತು. ನೂರರ ಮನೆಯಿಂದ ತಂದ ಒಂದು ಹತ್ತು ದಶಕಗಳಾಗಿ ಮೊದಲು ಸೊನ್ನೆಯ ಮನೆಗೆ ಬರಬೇಕು, ಅದರಲ್ಲಿ ಒಂದು ದಶಕ ಮಾತ್ರ ಬಿಡಿಯ ಮನೆಗೆ ಹೋಗಬೇಕು, ಒಂಬತ್ತು ಅಲ್ಲೇ ಉಳಿಯಬೇಕು ಎಂಬುದು ಹೊಳೆದಿಲ್ಲ. ಅಂದರೆ ತೊಂದರೆ ಇರುವುದು ಸ್ಥಾನಬೆಲೆಯಲ್ಲಿ. ಇನ್ನೊಂದು ಮಗು ಇದೇ ಲೆಕ್ಕಕ್ಕೆ 355 ಎಂದು ಬರೆಯಬಹುದು, ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದು. ಆ ಮಗುವಿಗೆ ಕಡ ತರುವುದೇ ಬಂದಿಲ್ಲ. ಎರಡೂ ತಪ್ಪು ಉತ್ತರಗಳೇ, ಮದ್ದು ಮಾತ್ರ ಬೇರೆ. ನಾವು ನೂರರ, ಹತ್ತರ ನೋಟುಗಳನ್ನೂ ಒಂದು ರೂಪಾಯಿಯ ನಾಣ್ಯಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆವು. ನೂರರ ನೋಟಿಗೆ ಚಿಲ್ಲರೆ ಮಾಡಿಸಿ ಕೊಟ್ಟ ಮೂರನೆಯ ದಿನ ಅವನಿಗೆ ದಾರಿ ಸಿಕ್ಕಿತು. ಅಸರ್ ಹಾಳೆಯ ಎರಡಂಕಿಯ ಲೆಕ್ಕದಲ್ಲಿ ಈ ಬಿರುಕು ಕಾಣಿಸಲು ಜಾಗವೇ ಇರಲಿಲ್ಲ.

ಭಾಷೆಯಲ್ಲೂ ಹೀಗೆಯೇ. ಮಗಳು ಕಥೆಯನ್ನು ಸರಾಗವಾಗಿ ಓದುತ್ತಾಳೆ, ಆದರೆ ಬಿಡಿ ಪದಗಳ ಪಟ್ಟಿ ಕೊಟ್ಟಾಗ ಸೂರ್ಯ ಎಂಬುದನ್ನು 'ಸೂಯರ' ಎಂದಳು, ವರ್ಷವನ್ನು 'ವಷರ' ಎಂದಳು. ಅರ್ಕಾವತ್ತು ಪದದಲ್ಲಿ ಆಮೇಲೆ ಬರೆದಿರುತ್ತದೆ, ಓದುವಾಗ ಮೊದಲು ಬರುತ್ತದೆ. ಕಥೆಯಲ್ಲಿ ಸಂದರ್ಭ ನೋಡಿ ಊಹಿಸಿ ದಾಟಿಬಿಡುತ್ತಿದ್ದಳು. ಆದ್ದರಿಂದ ಗಟ್ಟಿ ಓದಿನ ಜೊತೆಗೆ ಹತ್ತು ಪದಗಳ ಉಕ್ತಲೇಖನವನ್ನು ಬಿಡಬೇಡಿ. ಸಜಾತಿ ಒತ್ತು ಮೂರು, ವಿಜಾತಿ ಒತ್ತು ಮೂರು, ಅರ್ಕಾವತ್ತಿನವು ಎರಡು, ಅಲ್ಪಪ್ರಾಣ ಮಹಾಪ್ರಾಣ ಬೆರೆತವು ಎರಡು. ಕಿವಿಗೆ ಕೇಳಿದ್ದು ಕೈಗೆ ಇಳಿಯುತ್ತಿದೆಯೇ ಎಂದು ಹತ್ತೇ ಪದದಲ್ಲಿ ಗೊತ್ತಾಗುತ್ತದೆ.

ಈ ದಾರಿಯ ಕೊರತೆ ಒಂದೇ, ಆದರೆ ದೊಡ್ಡದು. ಪ್ರಶ್ನೆ ಬರೆಯುವವರು, ಕೇಳುವವರು, ತಿದ್ದುವವರು ಎಲ್ಲ ನಾವೇ. ಮಗು ತಪ್ಪಿನ ಕಡೆ ವಾಲಿದಾಗ ನಮ್ಮ ಹುಬ್ಬು ಮೇಲೇಳುತ್ತದೆ, ಮಗು ಉತ್ತರ ಬದಲಿಸುತ್ತದೆ. ವರ್ಷವಿಡೀ ನಮ್ಮ ಮುಖವನ್ನೇ ಓದಿ ಕಲಿತ ಮಕ್ಕಳು ಇವರು.

ಹೊರಗಿನ ಕಣ್ಣು

ಅದಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಹೊರಗಿನ ಒಬ್ಬ ಶಿಕ್ಷಕರ ಒಂದು ಗಂಟೆಗೆ. ನಮ್ಮ ರಸ್ತೆಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿ ನಿವೃತ್ತರಾದ ಟೀಚರ್ ಇದ್ದಾರೆ. ಎರಡು ವರ್ಷದಿಂದ ಮೇ ಕೊನೆಯಲ್ಲಿ ಮಕ್ಕಳನ್ನು ಅವರ ಹತ್ತಿರ ಕಳಿಸುತ್ತೇನೆ, ನಾನು ಒಳಗೆ ಹೋಗುವುದಿಲ್ಲ. ಅವರು ಪ್ರಶ್ನೆಪತ್ರಿಕೆ ಏನೂ ಇಟ್ಟುಕೊಳ್ಳುವುದಿಲ್ಲ. ಮಗಳಿಗೆ ಅವತ್ತಿನ ಪೇಪರಿನ ಒಂದು ಸುದ್ದಿ ಓದಲು ಹೇಳಿ, ಪೇಪರು ಮಡಚಿಟ್ಟು, "ಈಗ ನನ್ನ ಕನ್ನಡಕ ಸಿಕ್ತಿಲ್ಲ ಅಂದ್ಕೊ, ಏನ್ ಬರ್ದಿದೆ ಹೇಳು ಕಂದಾ" ಎಂದರಂತೆ. ಅವಳು ಹೇಳಿದ ನಾಲ್ಕು ವಾಕ್ಯಗಳಿಂದ ಅವರು ನನಗೆ ಹೇಳಿದ್ದು ಇದು: ಓದಿದ್ದು ಅರ್ಥವಾಗುತ್ತದೆ, ಆದರೆ ಯಾವುದು ಮುಖ್ಯ ಯಾವುದು ಅಲ್ಲ ಎಂದು ಬೇರೆ ಮಾಡಲು ಇನ್ನೂ ಬಂದಿಲ್ಲ. ವರ್ಷವಿಡೀ ಅವಳ ಜೊತೆಗಿದ್ದ ನನಗೆ ಅದು ಕಂಡಿರಲಿಲ್ಲ.

ಹೋಗುವಾಗ ಮಕ್ಕಳ ಬರವಣಿಗೆಯ ಕಡತವನ್ನೂ ಕಳಿಸಿ. ಜೂನ್, ಅಕ್ಟೋಬರ್, ಫೆಬ್ರವರಿಯ ಒಂದೊಂದು ಬರಹ, ತಿದ್ದದೆ ಇರುವ ಪ್ರತಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮನೆಯಲ್ಲಿ ಕಲಿಸುವವರಿಗೆ ಇದೇ ಕಾನೂನು: ಮಗುವಿನ ಕೆಲಸದ ಕಡತವನ್ನು ಪ್ರತಿ ವರ್ಷ ಅರ್ಹ ಮೌಲ್ಯಮಾಪಕರೊಬ್ಬರಿಗೆ ತೋರಿಸಬೇಕು, ಅದರ ಮೇಲೆ ಮೂರು, ಐದು, ಎಂಟನೆಯ ತರಗತಿಗಳಲ್ಲಿ ಪ್ರಮಾಣೀಕೃತ ಪರೀಕ್ಷೆಯನ್ನೂ ಬರೆಸಬೇಕು. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ, ಆದರೆ ಪದ್ಧತಿ ಒಳ್ಳೆಯದು. ಟೀಚರ್ ಸಿಗದಿದ್ದರೆ ಮನೆಯಲ್ಲಿ ಕಲಿಸುವ ಇನ್ನೊಂದು ಕುಟುಂಬದ ಜೊತೆ ಮಾತಾಡಿಕೊಳ್ಳಿ. ಅವರ ಮಗುವನ್ನು ನೀವು ನೋಡಿ, ನಿಮ್ಮ ಮಗುವನ್ನು ಅವರು ನೋಡಲಿ. ಹುಬ್ಬಿನ ತೊಂದರೆ ಅಲ್ಲಿಗೆ ತೀರುತ್ತದೆ.

ದುಡ್ಡು ಕಟ್ಟಿ ಬರೆಸುವ ಪರೀಕ್ಷೆಗಳು

ಇವುಗಳಲ್ಲಿ ಎರಡು ಜಾತಿ ಇದೆ, ಒಂದೇ ಎಂದುಕೊಂಡು ಮೋಸ ಹೋಗಬಾರದು. ಒಲಿಂಪಿಯಾಡ್ ಹೆಸರಿನವು ರ‍್ಯಾಂಕಿಗಾಗಿ ಇರುವವು. ಬರೆದ ಮಕ್ಕಳಲ್ಲಿ ನಿಮ್ಮದು ಎಷ್ಟನೆಯದು ಎನ್ನುತ್ತವೆ, ಏನು ಕಲಿಸಬೇಕು ಎನ್ನುವುದಿಲ್ಲ. ಮಗುವಿಗೆ ಸ್ಪರ್ಧೆ ಖುಷಿ ಕೊಟ್ಟರೆ ಬರೆಯಲಿ, ಮಟ್ಟ ಅಳೆಯಲು ಬೇಡ. ಇನ್ನೊಂದು ಜಾತಿ ಕಲಿಕೆಯನ್ನೇ ಅಳೆಯುವಂಥದ್ದು. ಎಜುಕೇಷನಲ್ ಇನಿಷಿಯೇಟಿವ್ಸ್ ಸಂಸ್ಥೆಯ ಅಸೆಟ್ ಪರೀಕ್ಷೆ ಈ ಬಗೆಯದು, ಹೆಚ್ಚಾಗಿ ಶಾಲೆಗಳ ಮೂಲಕ ನಡೆಯುತ್ತದೆ. ಬಹು ಆಯ್ಕೆಯ ಪ್ರಶ್ನೆಗಳೇ ಆದರೂ ತಪ್ಪು ಆಯ್ಕೆಗಳನ್ನು ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗ ನೋಡಿ ಇಟ್ಟಿರುತ್ತಾರೆ, ವರದಿಯೂ ಕೌಶಲದ ಪ್ರಕಾರ ಬರುತ್ತದೆ. ಹತ್ತು ಹನ್ನೊಂದು ದಾಟಿದ, ಕೂತು ಪರೀಕ್ಷೆ ಬರೆದು ಗೊತ್ತಿಲ್ಲದ ಮಗುವಿಗೆ ಇಂಥದ್ದೊಂದು ಉಪಯೋಗಕ್ಕೆ ಬರುತ್ತದೆ.

ಆದರೆ ಕನ್ನಡದಲ್ಲಿ ಕಲಿಸುವವರು ಭಾಷೆಯ ಕಡೆ ಗಮನ ಕೊಡಬೇಕು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಲೆಕ್ಕದ ಪತ್ರಿಕೆಯೂ ಅರ್ಧ ಇಂಗ್ಲಿಷ್ ಓದಿನ ಪರೀಕ್ಷೆಯಾಗುತ್ತದೆ. ಭಿನ್ನರಾಶಿಯನ್ನು ಚೆನ್ನಾಗಿ ಬಲ್ಲ ಮಗು ವಾಕ್ಯ ಅರ್ಥವಾಗದೆ ತಪ್ಪು ಮಾಡಿದರೆ ವರದಿಯಲ್ಲಿ ಭಿನ್ನರಾಶಿ ಕೆಂಪಾಗಿ ಬರುತ್ತದೆ. ನೀವು ಜುಲೈವರೆಗೂ ಭಿನ್ನರಾಶಿಯನ್ನೇ ತಿಕ್ಕುತ್ತೀರಿ. ತಪ್ಪಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬಾಯಲ್ಲಿ ಮತ್ತೊಮ್ಮೆ ಕೇಳಿ ನೋಡದೆ ಆ ವರದಿಯನ್ನು ನಂಬಬೇಡಿ.

ಮುಕ್ತ ಶಾಲೆ, ಎಸ್ಸೆಸ್ಸೆಲ್ಸಿ

ಸರ್ಟಿಫಿಕೇಟ್ ಬೇಕಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇದೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ ಮೂರು, ಐದು, ಎಂಟನೆಯ ತರಗತಿಗೆ ಸಮ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಕರ್ನಾಟಕ ಮಂಡಳಿಯ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ. ಇವು ಮುಟ್ಟಬೇಕಾದ ಊರುಗಳು, ದಾರಿಯಲ್ಲಿ ಎಲ್ಲಿದ್ದೇವೆ ಎಂದು ಹೇಳುವ ಮೈಲಿಗಲ್ಲುಗಳಲ್ಲ. ಹಾಗಾಗಿ ಮಗುವಿನ ಮಟ್ಟ ನೋಡಲೆಂದು ಇವಕ್ಕೆ ನೋಂದಾಯಿಸುವುದು ಬೇಡ. ಹದಿಮೂರು ದಾಟಿದ ಮಗುವಿಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮನೆಯಲ್ಲೇ, ಸಮಯದ ಮಿತಿಯಿಲ್ಲದೆ ಕೊಡಿ. ಯಾವ ಪಾಠಗಳ ಪ್ರಶ್ನೆಗೆ ಕೈಯೇ ಹಾಕಲಿಲ್ಲ ಎಂದು ಗುರುತು ಮಾಡಿಕೊಂಡರೆ ವರ್ಷದ ಯೋಜನೆ ಅರ್ಧ ಸಿದ್ಧವಾದಂತೆ.

ಶಾಲೆಗೆ ಸೇರಿಸುವವರು ಕಾಯ್ದೆ ತಿಳಿದಿರಲಿ

ನನ್ನ ಪರಿಚಯದ ಒಂದು ಕುಟುಂಬ ಮಗನನ್ನು ಆರನೆಯ ತರಗತಿಗೆ ಸೇರಿಸಲು ಹೋದಾಗ ಆ ಶಾಲೆ ಪ್ರವೇಶ ಪರೀಕ್ಷೆ ಬರೆಸಿ, ನಾಲ್ಕಕ್ಕೆ ಹಾಕುತ್ತೇವೆ ಎಂದಿತು. ಹುಡುಗ ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುವುದೇ ಬೇರೆ: ಶಾಲೆಗೆ ಸೇರದೆ ಇದ್ದ ಆರು ವರ್ಷ ಮೀರಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಮಗುವಿನ ಹಕ್ಕು. 13ನೇ ಸೆಕ್ಷನ್ ಸೇರ್ಪಡೆಯ ಹೊತ್ತಿನಲ್ಲಿ ಮಗುವನ್ನೋ ತಂದೆತಾಯಿಯನ್ನೋ ಜರಡಿ ಹಿಡಿಯುವುದನ್ನು ನಿಷೇಧಿಸುತ್ತದೆ, ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ ದಂಡ ಇದೆ. ಇದು ಎಂಟನೆಯ ತರಗತಿವರೆಗಿನ ಮಾತು. ಅಲ್ಪಸಂಖ್ಯಾತ ಸಂಸ್ಥೆಗಳು 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಕಾಯ್ದೆಯ ಹೊರಗಿವೆ.

ಕಾಯ್ದೆ ಹೀಗಿದ್ದರೂ ಮೊದಲೇ ಮನೆಯಲ್ಲಿ ನೋಡಿಕೊಂಡಿರುವುದು ಒಳ್ಳೆಯದು, ತರಗತಿಯಲ್ಲಿ ಮೊದಲ ತಿಂಗಳು ಕಳೆಯಬೇಕಾದದ್ದು ಮಗುವೇ. ವಿಶೇಷವಾಗಿ ಕನ್ನಡ. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರಲ್ಲಿ ಬಂದ ಮೇಲೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ. ಹೊರರಾಜ್ಯದಿಂದಲೋ ವಿದೇಶದಿಂದಲೋ ಮರಳಿದವರು, ಮನೆಯಲ್ಲಿ ಇಂಗ್ಲಿಷಿನಲ್ಲೇ ಎಲ್ಲವನ್ನೂ ಕಲಿಸಿದವರು ಬೇರೆ ವಿಷಯಕ್ಕಿಂತ ಮೊದಲು ಕನ್ನಡದ ಓದು ಬರಹವನ್ನು ನೋಡಿ. ಮನೆಯಲ್ಲಿ ಚಟಪಟ ಮಾತಾಡುವ ಮಗುವಿಗೂ ಒತ್ತಕ್ಷರದ ಪ್ಯಾರಾ ಬೆಟ್ಟವಾಗಬಹುದು.

ನಡೆಸುವ ದಿನಗಳು

ಊರಿಂದ ಬಂದ ಮರುದಿನವೇ ಕೂರಿಸಬೇಡಿ. ಮೇ ಮೂರನೆಯ ವಾರ ನನಗೆ ಸರಿಹೋಗಿದೆ. ದಿನಕ್ಕೆ ಒಂದು ವಿಷಯ, ಬೆಳಿಗ್ಗೆ ತಿಂಡಿ ಆದ ಮೇಲೆ, ಅರ್ಧ ಗಂಟೆ. ಮೊದಲ ದಿನ ಅಸರ್ ಹಾಳೆ, ಆಮೇಲೆ ನಾಲ್ಕು ದಿನ ನೈದಾನಿಕ ಪ್ರಶ್ನೆಗಳು, ವಾರದ ಕೊನೆಗೆ ಟೀಚರ್ ಹತ್ತಿರ ಒಂದು ಗಂಟೆ. ನನ್ನ ಆಯ್ಕೆ ಇಷ್ಟೇ, ಹನ್ನೆರಡು ವರ್ಷದವರೆಗೆ ಇದರಾಚೆ ದುಡ್ಡು ಖರ್ಚು ಮಾಡುವ ಅಗತ್ಯ ನನಗೆ ಕಂಡಿಲ್ಲ. ಹಿಂದಿನ ತರಗತಿಯ ಪ್ರಶ್ನೆಯಲ್ಲಿ ಮಗು ಸತತ ಮೂರು ಸಲ ಎಡವಿದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ತರಗತಿ ಕೆಳಗಿನದನ್ನು ಮರುದಿನ ಕೊಡಿ. ಎಲ್ಲ ಮಾಡಿ ಮುಗಿಸಿದರೆ ಮೇಲಿನದನ್ನು ಕೊಡಿ.

ಮಗುವಿಗೆ ನಿಜವನ್ನೇ ಹೇಳಿ: ಮುಂದಿನ ತಿಂಗಳು ಏನು ಕಲಿಯಬೇಕು ಎಂದು ತಿಳಿಯಲು ಇದು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯವಿಡೀ ಹರಡಿದ ನಲಿ ಕಲಿ ಎಂಬ ಬೋಧನಾ ಪದ್ಧತಿಯಲ್ಲಿ ಮಕ್ಕಳು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾವು ಯಾವ ಮೆಟ್ಟಿಲಲ್ಲಿದ್ದೇವೆ ಎಂದು ತಾವೇ ನೋಡಿಕೊಳ್ಳುತ್ತಾರೆ. ಅದನ್ನು ಅನುಸರಿಸಿ ನಾನೂ ಅಡುಗೆಮನೆಯ ಬಾಗಿಲ ಹಿಂದೆ ಒಂದು ಏಣಿ ಬರೆದು ಅಂಟಿಸಿದ್ದೇನೆ, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ. ಮಗಳ ಹಸಿರು ಚುಕ್ಕಿ ಮೇಲಿದೆ, ನೀಲಿ ಚುಕ್ಕಿ ಕೆಳಗಿದೆ. ಈ ಸಲದ ಹಾಳೆಗಳಿಗೆ ದಿನಾಂಕ ಹಾಕಿ ಕಡತಕ್ಕೆ ಸೇರಿಸಿದ್ದೇನೆ. ದಸರಾ ರಜೆ ಮುಗಿದ ಮೇಲೆ ಅದೇ ಪ್ರಶ್ನೆಗಳನ್ನು ಸಂಖ್ಯೆ ಬದಲಿಸಿ ಮತ್ತೆ ಕೊಡುತ್ತೇನೆ, 403ರ ಜಾಗದಲ್ಲಿ 602.